ಚಿತ್ತಮ್ಮನ ನಾಲ್ಕು ಕಿಲೋಮೀಟರು

ಚಿತ್ತಮ್ಮನಿಗೆ ಸಿಟ್ಟು ಬಂದರೆ ಕೇರಿಯವರೆಲ್ಲ ಬಾಗಿಲು ಹಾಕಿಕೊಳ್ಳುತ್ತಾರೆ ಎಂದು ಮೊಳಕಾಲ್ಮೂರಿನಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಬಾಗಿಲು ತೆಗೆದು, ಮಗ್ಗ ನಿಲ್ಲಿಸಿ, ಹೊಸ್ತಿಲ ಮೇಲೆ ಕೂತು ಕೇಳುತ್ತಾರೆ. ಅವಳ ಬೈಗುಳದಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ, ನಡುವೆ ಸಂತೆಯಲ್ಲಿ ಕಲಿತ ನಾಲ್ಕು ಉರ್ದು ಮಾತು. ಮೂರೂ ಸೇರಿ ಬಂದಾಗ ಬೈಸಿಕೊಂಡವನೂ ಒಂದು ಗಳಿಗೆ ಮೆಚ್ಚುತ್ತಾನೆ. ಐವತ್ತೆಂಟು ವರ್ಷದಲ್ಲಿ ಅವಳು ಬೈಯದ ಮನುಷ್ಯ ಆ ಕೇರಿಯಲ್ಲಿಲ್ಲ, ಅದಕ್ಕಾಗಿ ಅವಳ ಜೊತೆ ಮಾತು ಬಿಟ್ಟವರೂ ಇಲ್ಲ. ಆದರೆ ಕಳೆದ ಶ್ರಾವಣ ಮುಗಿದ ಮೇಲೆ ಅವಳಿಗೆ ಬಂದ ಸಿಟ್ಟು ಬೇರೆ ತರದ್ದು. ಅದರಲ್ಲಿ ಅರ್ಧ ಪಾಲು ತನ್ನ ಮೇಲೆಯೇ ಇತ್ತು, ಮತ್ತು ತನ್ನನ್ನು ತಾನು ಬೈದುಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ.

ಅವಳು ಹುಟ್ಟಿದ್ದು ಅದೇ ಕೇರಿಯಲ್ಲಿ, ಮದುವೆಯಾಗಿ ಹೋದದ್ದು ಎದುರು ಸಾಲಿನ ಮೂರನೇ ಮನೆಗೆ. ತವರಿಗೆ ಹೋಗಲು ಯಾವತ್ತೂ ಚಪ್ಪಲಿ ಹಾಕಿಕೊಂಡವಳಲ್ಲ. ಗಂಡ ಸೂರಪ್ಪ ರೇಷ್ಮೆ ಸೀರೆ ನೇಯುತ್ತಾನೆ. ನಡುಮನೆಯ ನೆಲ ತೋಡಿ ಕೂರಿಸಿದ ಗುಂಡಿಮಗ್ಗ ಅವನದು. ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತನೆಂದರೆ ಊಟಕ್ಕೆ ಮಾತ್ರ ಏಳುತ್ತಾನೆ. ಅವನದು ಕೂತು ಮಾಡುವ ಕೆಲಸವಾದರೆ ಚಿತ್ತಮ್ಮನದು ನಡೆದು ಮಾಡುವ ಕೆಲಸ. ಸೀರೆಯ ಉದ್ದಕ್ಕೆ ಬರುವ ಎಳೆಗಳಿಗೆ ಹಾಸು ಎನ್ನುತ್ತಾರೆ. ಮಗ್ಗಕ್ಕೆ ಏರುವ ಮೊದಲು ಆ ಹಾಸನ್ನು ಬೀದಿಯಲ್ಲಿ ಬಿಗಿಯಾಗಿ ಚಾಚಿ ಕಟ್ಟಬೇಕು. ಆ ತುದಿಗೊಂದು ಗೂಟ, ಈ ತುದಿಗೊಂದು ಗೂಟ, ನಡುವೆ ಸಾವಿರಾರು ಎಳೆ. ತೆಳು ಗಂಜಿ ಹಚ್ಚಿ, ಅಂಟಿಕೊಂಡದ್ದನ್ನು ಬಿಡಿಸಿ, ಹರಿದದ್ದನ್ನು ಬೆರಳಲ್ಲಿ ಹೊಸೆದು ಕೂಡಿಸಿ, ಬಿಸಿಲು ಏರುವುದರೊಳಗೆ ಮುಗಿಸಬೇಕು. ಹಾಸಿನ ಪಕ್ಕದಲ್ಲಿ ಹೆಂಗಸರು ಹೋಗುತ್ತಾರೆ, ಬರುತ್ತಾರೆ. ಹತ್ತನೇ ವಯಸ್ಸಿನಲ್ಲಿ ತಾಯಿಯ ಹಿಂದೆ ನಡೆಯಲು ಶುರುಮಾಡಿದ ಚಿತ್ತಮ್ಮ ಇನ್ನೂ ನಿಂತಿಲ್ಲ.

ಬೀದಿಯ ಉದ್ದ ನೂರಿಪ್ಪತ್ತು ಅಡಿ. ಆರು ಸೀರೆಯ ಹಾಸು ಅದರಲ್ಲಿ ಸರಿಯಾಗಿ ಕೂರುತ್ತದೆ, ಒಂದು ಮೊಳ ಹೆಚ್ಚಿಲ್ಲ, ಒಂದು ಮೊಳ ಕಡಿಮೆ ಇಲ್ಲ. ಹಿಂದಿನವರು ಮನೆ ಕಟ್ಟಿಕೊಂಡು ಆಮೇಲೆ ಬೀದಿ ಬಿಟ್ಟವರಲ್ಲ. ಹಾಸು ಚಾಚಲು ಬೇಕಾದಷ್ಟು ಬೀದಿ ಅಳೆದಿಟ್ಟು, ಉಳಿದ ಜಾಗದಲ್ಲಿ ತಮ್ಮ ಸಂಸಾರ ಇಟ್ಟುಕೊಂಡವರು. ಅದಕ್ಕೇ ಮನೆಗಳು ಇಕ್ಕಟ್ಟು. ಇಪ್ಪತ್ತೆರಡು ಮನೆ, ಇಪ್ಪತ್ತಾರು ಮಗ್ಗ, ನೂರಕ್ಕೆ ಮೇಲೆ ಜನ. ಬಣ್ಣ ಹಾಕುವವನು ಮೂಲೆಯಲ್ಲಿ, ರೇಷ್ಮೆ ಕೊಡುವ ಸಾಹುಕಾರನ ಅಂಗಡಿ ಅದರ ಹಿಂದೆ, ಶಾಲೆ, ಆಸ್ಪತ್ರೆ, ಬಸ್ ಸ್ಟ್ಯಾಂಡು ಎಲ್ಲ ಕೂಗಿದರೆ ಕೇಳುವಷ್ಟು ದೂರ. ಚಾಚಿದ ಹಾಸನ್ನು ಯಾರೂ ದಾಟುವಂತಿಲ್ಲ, ಬಗ್ಗಿ ಅಡಿಯಿಂದ ಹಾಯಬೇಕು. ಒಮ್ಮೆ ಮದುವೆ ದಿಬ್ಬಣವೇ ತಲೆ ಬಗ್ಗಿಸಿಕೊಂಡು ಹಾದುಹೋಗಿತ್ತು, ಮದುಮಗನ ಬಾಸಿಂಗವನ್ನು ಚಿತ್ತಮ್ಮನೇ ಒಂದು ಕೈಯಲ್ಲಿ ಒತ್ತಿ ಹಿಡಿದಿದ್ದಳು.

ಆಷಾಢದಲ್ಲಿ ಒಂದು ಬೆಳಿಗ್ಗೆ ಇಬ್ಬರು ಹುಡುಗಿಯರು ಕೈಯಲ್ಲಿ ಸ್ಲೇಟಿನಷ್ಟಗಲದ ಟ್ಯಾಬ್ ಹಿಡಿದು ಬಂದರು. ಪಟ್ಟಣಗಳಲ್ಲಿ ಜನ ಎಷ್ಟು ನಡೆಯುತ್ತಾರೆ, ಎಲ್ಲಿಗೆ ನಡೆಯುತ್ತಾರೆ ಎಂದು ಬರೆದುಕೊಳ್ಳುವ ಸಮೀಕ್ಷೆ. ಚಳ್ಳಕೆರೆಯಲ್ಲಿ ಮುಗಿಸಿ ಇಲ್ಲಿಗೆ ಬಂದಿದ್ದರು. ಗಂಡಸರು ಮಗ್ಗದ ಗುಂಡಿಯಲ್ಲಿದ್ದರು. ಬೀದಿಯಲ್ಲಿ ಸಿಕ್ಕವರು ಹೆಂಗಸರು.

"ಕೆಲಸಕ್ಕೆ ಅಂತ ದಿನಕ್ಕೆ ಎಷ್ಟು ದೂರ ನಡೀತೀರಮ್ಮಾ?" ಎಂದು ಒಬ್ಬಳು ಕೇಳಿದಳು.

ಇಂಥ ಪ್ರಶ್ನೆಯನ್ನು ಚಿತ್ತಮ್ಮನಿಗೆ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಸೂರಪ್ಪನ ಸೀರೆ ನೋಡಿ ಹೊಗಳಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಫೋಟೋ ಹಿಡಿಯುತ್ತಾರೆ, ಅವಳ ಕಾಲಿನ ಬಗ್ಗೆ ಕೇಳಿದವರುಂಟೇ? ಅವಳು ಸೆರಗಿನಿಂದ ಕೈ ಒರೆಸಿಕೊಂಡು ಲೆಕ್ಕ ಹಾಕಿದಳು. ಹಾಸಿನ ಪಕ್ಕ ಒಂದು ಸಲ ಹೋಗಿ ಬಂದರೆ ಇಷ್ಟು, ದಿನಕ್ಕೆ ಐವತ್ತೈದು ಸಲ.

"ನಾಲ್ಕು ಕಿಲೋಮೀಟರ್ ಬರ್ಕೊಳವ್ವ. ಕಮ್ಮಿ ಇಲ್ಲ."

"ಯಾವ ಕಡೆಗೆ?"

ಚಿತ್ತಮ್ಮ ಬೀದಿಯ ಆ ತುದಿಗೆ ಕೈ ತೋರಿಸಿದಳು. ಅದು ಪೂರ್ವ. ಹುಡುಗಿ ಪೂರ್ವ ಎಂದು ಒತ್ತಿದಳು.

ಪಕ್ಕದ ಮನೆಯ ರೇಣುಕಮ್ಮ ಇದನ್ನು ಕೇಳಿಸಿಕೊಂಡಳು. ಚಿತ್ತಮ್ಮ ನಾಲ್ಕು ಎಂದಮೇಲೆ ತಾನು ಮೂರು ಎನ್ನುವುದು ಹೇಗೆ? ಐದು ಎಂದಳು. ಅವಳ ವಾರಗಿತ್ತಿ ಐದೂವರೆ ಎಂದಳು. ಮಂಡಿನೋವಿನಿಂದ ಎರಡು ವರ್ಷದಿಂದ ಹೊಸ್ತಿಲು ಬಿಟ್ಟು ಇಳಿಯದ ಮುದುಕಿಯೊಬ್ಬಳು ಆರಕ್ಕೆ ಕಡಿಮೆ ಬರೆದುಕೊಂಡರೆ ಬಿಡುವುದಿಲ್ಲ ಎಂದು ಜಗಳಕ್ಕೆ ನಿಂತಳು. ಎಲ್ಲರೂ ಕೈ ತೋರಿಸಿದ್ದು ಬೀದಿಯ ಆ ತುದಿಗೇ. ಆ ದಿನ ಕೇರಿಯ ಹೆಂಗಸರಿಗೆ ಭಾರಿ ಖುಷಿ. ತಮ್ಮ ನಡಿಗೆ ಸರ್ಕಾರದ ಪುಸ್ತಕ ಸೇರಿತೆಂದು ಚಿತ್ತಮ್ಮ ಮಧ್ಯಾಹ್ನದ ಊಟದಲ್ಲಿ ಗಂಡನಿಗೆ ಎರಡು ಸಲ ಹೇಳಿದಳು. ಹಾಳಾಗಿ ಹೋಗಲಿ ಆ ಖುಷಿ.

ಶ್ರಾವಣದಲ್ಲಿ ಅವಳು ಮಗಳು ವೀಣಾಳ ಮನೆಗೆಂದು ಚಳ್ಳಕೆರೆಗೆ ಹೋಗಿ ನಾಲ್ಕು ದಿನ ಇದ್ದು ಬಂದಳು. ಅಳಿಯ ರವಿತೇಜ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಮೇಲ್ವಿಚಾರಕ. ಬಳ್ಳಾರಿ ರಸ್ತೆಯ ಪಕ್ಕ ಹೊಸದಾಗಿ ಎದ್ದ ಅಪಾರ್ಟ್‌ಮೆಂಟಿನಲ್ಲಿ ಮೂರನೇ ಅಂತಸ್ತಿನಲ್ಲಿ ಮನೆ. ಕಟ್ಟಡದ ಹೆಸರು ಇಂಗ್ಲಿಷಿನದು, ಚಿತ್ತಮ್ಮನ ನಾಲಿಗೆಗೆ ಹೊರಳಲಿಲ್ಲ. ಬಾಗಿಲಲ್ಲಿ ದೊಡ್ಡ ಫಲಕ: ಶಾಲೆ, ಅಂಗಡಿ, ಆಸ್ಪತ್ರೆ, ಎಲ್ಲವೂ ಐದೇ ನಿಮಿಷದ ನಡಿಗೆ. ಅಳಿಯ ಅದನ್ನು ಓದಿ ಹೇಳಿದ.

ಮಾರನೆಯ ದಿನ ಸಾರಿಗೆ ಕರಿಬೇವು ಇರಲಿಲ್ಲ. ಐದು ನಿಮಿಷ ತಾನೇ ಎಂದು ಚಿತ್ತಮ್ಮ ಹೊರಟಳು. ಅಂಗಡಿ ಕಣ್ಣಿಗೆ ಕಾಣುತ್ತಿತ್ತು, ಸತ್ಯ. ಆದರೆ ಅದು ಹೆದ್ದಾರಿಯ ಆಚೆ ಬದಿಗೆ. ನಡುವೆ ಸೊಂಟದೆತ್ತರದ ಕಾಂಕ್ರೀಟು ಗೋಡೆ, ಗೋಡೆಯ ಈ ಕಡೆಯೂ ಆ ಕಡೆಯೂ ಕಣ್ಣು ಮುಚ್ಚಿಕೊಂಡು ಓಡುವ ಲಾರಿಗಳು. ಗೋಡೆಯಲ್ಲಿ ಕಂಡಿ ಇದ್ದದ್ದು ಒಂದೂವರೆ ಕಿಲೋಮೀಟರು ಮುಂದೆ. ಅವಳು ಅಲ್ಲಿವರೆಗೆ ನಡೆದು, ಆಚೆ ದಾಟಿ, ಅಷ್ಟೇ ದೂರ ವಾಪಸು ಬಂದು ಕರಿಬೇವು ಕೇಳಿದಾಗ ಅಂಗಡಿಯವನು ಖಾಲಿ ಎಂದ. ಅವನಿಗೆ ಬಿದ್ದ ಬೈಗುಳ ಬೇರೆ ಯಾರಿಗೋ ಸೇರಬೇಕಾದದ್ದು, ಪಾಪ.

ಸಂಜೆ ವೀಣಾ ಕೈಗೆ ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿಕೊಂಡು ಕೆಳಗಿಳಿದಳು. ಕಟ್ಟಡದ ಸುತ್ತ ಹಳದಿ ಕಲ್ಲು ಹಾಸಿದ ದಾರಿ, ಅದರ ಮೇಲೆ ಗಂಡಸರು ಹೆಂಗಸರು ಗುಂಡಗೆ ಸುತ್ತುತ್ತಿದ್ದರು. ವೀಣಾಳೂ ಸೇರಿಕೊಂಡಳು. ಚಿತ್ತಮ್ಮ ಕಟ್ಟೆಯ ಮೇಲೆ ಕೂತು ನೋಡಿದಳು. ಕೈಯಲ್ಲಿ ಎಳೆಯಿಲ್ಲ, ಪಕ್ಕದಲ್ಲಿ ಹಾಸಿಲ್ಲ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

"ಇದೇನೇ ಇದು, ಗಾಣದೆತ್ತು ಸುತ್ತಿದಂಗೆ," ಎಂದಳು ಮಗಳು ಹತ್ತಿರ ಬಂದಾಗ.

"ಸುಮ್ನಿರಮ್ಮಾ," ಎಂದಳು ವೀಣಾ. ಆಮೇಲೆ ಪಕ್ಕದಲ್ಲಿ ಕೂತು ದನಿ ಇಳಿಸಿ ಹೇಳಿದಳು. "ನಿಂಗೆ ಇದು ಹಿಡಿಸಲ್ಲ, ಗೊತ್ತು. ಆದ್ರೆ ಇಲ್ಲಿ ನಲ್ಲಿ ತಿರುವಿದ್ರೆ ನೀರು ಬರ್ತೈತೆ. ಬಚ್ಚಲು ಮನೆಯೊಳಗೇ ಐತೆ. ಮದುವೆಯಾಗಿ ಆರು ವರ್ಷ ಆಯ್ತು, ಮಗು ಯಾಕಾಗ್ಲಿಲ್ಲ ಅಂತ ಇಲ್ಲಿ ಒಬ್ರೂ ಕೇಳಲ್ಲ. ನಮ್ಮ ಕೇರೀಲಿ ಹಾಸಿನ ಈ ತುದಿಯಿಂದ ಆ ತುದಿಗೆ ಹೋಗೋದ್ರೊಳಗೆ ಮೂರು ಜನ ಕೇಳ್ತಾರೆ."

ಆ ಮೂವರಲ್ಲಿ ಒಬ್ಬಳು ತಾನೇ ಎಂದು ಚಿತ್ತಮ್ಮನಿಗೆ ಗೊತ್ತಿತ್ತು.

ಶ್ರಾವಣ ಮುಗಿದ ಮರುವಾರ ಕೇರಿಗೆ ಪೇಂಟಿನ ಡಬ್ಬಿ ಬಂತು. ವಾರ್ಡಿನ ಮೆಂಬರು ಉಗ್ರಪ್ಪ ಮುಂದೆ ನಿಂತು ಇಪ್ಪತ್ತೆರಡು ಮನೆಯ ಗೋಡೆಯ ಮೇಲೂ ಕೆಂಪು ಬಣ್ಣದಲ್ಲಿ ನಂಬರು ಬರೆಸಿದ. ಯಾಕೆಂದು ಕೇಳಿದರೆ, ಸಮುದಾಯ ಭವನಕ್ಕೆ ಬನ್ನಿ, ಅಲ್ಲಿ ಹೇಳ್ತಾರೆ, ಒಳ್ಳೇದೇ ಐತೆ ಎಂದ. ಉಗ್ರಪ್ಪ ಒಳ್ಳೆಯದು ಎಂದನೆಂದರೆ ಅದು ಯಾರಿಗೆ ಎಂದು ಮೊಳಕಾಲ್ಮೂರಿನವರು ಕೇಳಿಕೊಳ್ಳುತ್ತಾರೆ.

ಭವನದಲ್ಲಿ ಬಿಳಿ ಪರದೆ ಕಟ್ಟಿದ್ದರು. ಮಾತಾಡಲು ನಿಂತವನು ಮಹಾಂತೇಶ ಎಂಬ ಎಂಜಿನಿಯರು, ಸಮೀಕ್ಷೆ ಮಾಡಿಸಿದ ಕಂಪನಿಯವನು. ಮೂವತ್ತರ ಒಳಗಿನ ವಯಸ್ಸು, ಮೆತ್ತನೆ ಮಾತು. ನೆರೆಹೊರೆಯ ಎರಡು ಪಟ್ಟಣಗಳನ್ನು ತೂಗಿ ನೋಡಿದ್ದೇವೆ ಎಂದ. ಜನ ಒತ್ತೊತ್ತಾಗಿ ಬದುಕಬೇಕು, ಬೇಕಾದದ್ದೆಲ್ಲ ಕಾಲ್ನಡಿಗೆಯಲ್ಲಿ ಸಿಗಬೇಕು, ಅಂಥ ವಸತಿ ಎಲ್ಲಿ ಚೆನ್ನಾಗಿದೆ ಎಂದು ಅಂಕ ಕೊಟ್ಟಿದ್ದೇವೆ ಎಂದ. ಪರದೆಯ ಮೇಲೆ ವೀಣಾಳ ಅಪಾರ್ಟ್‌ಮೆಂಟು ಬಂತು, ಹಳದಿ ಕಲ್ಲಿನ ದಾರಿಯ ಸಮೇತ. ನೂರಕ್ಕೆ ಎಂಬತ್ತೊಂದು. ಆಮೇಲೆ ಚಿತ್ತಮ್ಮನ ಕೇರಿ ಬಂತು. ನೂರಕ್ಕೆ ಇಪ್ಪತ್ತಾರು.

"ಇದರಲ್ಲಿ ನಿಮ್ಮ ತಪ್ಪೇನಿಲ್ಲ," ಎಂದ ಮಹಾಂತೇಶ, ನಿಜವಾದ ಕಳಕಳಿಯಿಂದ. "ನೀವೆಲ್ಲ ಕೆಲಸಕ್ಕೆ ದಿನಾ ಸರಾಸರಿ ನಾಲ್ಕೂವರೆ ಕಿಲೋಮೀಟರ್ ನಡೀತಿದ್ದೀರಿ. ಈ ವಯಸ್ಸಲ್ಲಿ ಇಷ್ಟು ನಡೆಸೋದು ನ್ಯಾಯ ಅಲ್ಲ. ಅದಕ್ಕೇ ನಿಮ್ಮ ಕೆಲಸದ ಜಾಗದ ಪಕ್ಕದಲ್ಲೇ, ಚಳ್ಳಕೆರೆ ಮಾದರೀಲಿ, ಮೂರು ಅಂತಸ್ತಿನ ಸಮುಚ್ಚಯಕ್ಕೆ ಸರ್ಕಾರಿ ಜಮೀನು ಗುರುತಿಸಿದ್ದೀವಿ."

ಪರದೆಯ ಮೇಲೆ ನಕ್ಷೆ. ಊರಿನಿಂದ ಪೂರ್ವಕ್ಕೆ, ರಾಯದುರ್ಗದ ದಿಕ್ಕಿನಲ್ಲಿ, ನಾಲ್ಕೂವರೆ ಕಿಲೋಮೀಟರು ದೂರದಲ್ಲಿ ಒಂದು ಕೆಂಪು ಚುಕ್ಕೆ.

ಚಿತ್ತಮ್ಮ ಎದ್ದು ನಿಂತಳು.

"ಅಲ್ಲೇನೈತಪ್ಪಾ?"

"ನಿಮ್ಮ ಕೆಲಸದ ಜಾಗ, ಅಮ್ಮಾ."

"ಅಲ್ಲಿರೋದು ಬಂಡೆ. ಬಂಡೆ, ಜಾಲಿ, ಓತಿಕ್ಯಾತ. ಬಂಡೆ ಮೇಲೆ ಕೂತು ಏನು ನೇಯಾನ, ಕಲ್ಲು ನೇಯಾನ?"

ಮಹಾಂತೇಶ ತನ್ನ ಕಂಪ್ಯೂಟರಿನಲ್ಲಿ ಹುಡುಕಿ ಓದಿದ. ಏಳನೇ ನಂಬರಿನ ಮನೆ, ಚಿತ್ತಮ್ಮ, ಕೆಲಸಕ್ಕೆ ನಡಿಗೆ ನಾಲ್ಕು ಕಿಲೋಮೀಟರು, ಪೂರ್ವಕ್ಕೆ. ಎಂಟನೇ ನಂಬರು, ರೇಣುಕಮ್ಮ, ಐದು ಕಿಲೋಮೀಟರು, ಪೂರ್ವಕ್ಕೆ. ಓದುತ್ತ ಹೋದಂತೆ ಹೆಂಗಸರ ತಲೆಗಳು ಒಂದೊಂದಾಗಿ ಚಿತ್ತಮ್ಮನ ಕಡೆ ತಿರುಗಿದವು. ಆರು ಕಿಲೋಮೀಟರಿನ ಮುದುಕಿಯೂ ತಿರುಗಿ ನೋಡಿದಳು, ನಾಚಿಕೆಗೆಟ್ಟವಳು.

ಚಿತ್ತಮ್ಮ ಹೇಳಿದಳು. ಹಾಸು ಎಂದರೇನು, ಗೂಟ ಎಂದರೇನು, ಬೀದಿ ಎಷ್ಟುದ್ದ, ಐವತ್ತೈದು ಸಲ ಎಂದರೇನು, ಎಲ್ಲ ಹೇಳಿದಳು. "ಒತ್ತೊತ್ತಾಗಿ ಬದುಕೋದು ಹೆಂಗೆ ಅಂತ ನಮಗೆ ಪಾಠ ಹೇಳಕ್ಕೆ ಬಂದಿದೀಯಾ? ನಮ್ಮ ಕೇರೀಲಿ ಒಬ್ಬ ಸೀನಿದ್ರೆ ಮೂರು ಮನೆಯಿಂದ ಚಿರಂಜೀವ ಅಂತಾರೆ. ಇದಕ್ಕಿಂತ ಒತ್ತು ಬೇಕಾ? ನಿಮ್ಮ ಮೂರನೇ ಅಂತಸ್ತಿನಾಗೆ ಮಗ್ಗಕ್ಕೆ ಗುಂಡಿ ತೋಡಿದ್ರೆ ಕೆಳಗಿನ ಮನೆಯೋನ ತಟ್ಟೆಗೆ ನನ್ನ ಗಂಡನ ಕಾಲು ಇಳೀತವೆ. ಹಾಸು ಎಲ್ಲಿ ಚಾಚಾನ, ಮೆಟ್ಟಿಲ ಮೇಲೆ?"

ಯಾರೂ ನಗಲಿಲ್ಲ. ತನ್ನ ತಪ್ಪು ತನಗೆ ಅರ್ಥವಾಯಿತು ಎನ್ನುವುದು ಮಹಾಂತೇಶನ ಮುಖದಲ್ಲೇ ಇತ್ತು, ಅಷ್ಟರ ಮಟ್ಟಿಗೆ ಅವನು ಮನುಷ್ಯ. ಆದರೆ ಉಗ್ರಪ್ಪ ಎದ್ದ. "ತಪ್ಪೋ ಒಪ್ಪೋ, ಮನೆ ಬಂದೈತೆ. ಬಿಟ್ರೆ ಇನ್ನೊಂದು ಸಲ ಬರಲ್ಲ. ಖಾಲಿ ಆದ ಕೇರೀಲಿ ಮಳಿಗೆ ಕಟ್ಟಿಸ್ತೀವಿ, ಪಾರ್ಕಿಂಗ್ ಮಾಡ್ತೀವಿ, ಊರು ಉದ್ಧಾರ ಆಗ್ತೈತೆ. ಈಯಮ್ಮನ ಬಾಯಿಗೆ ಹೆದ್ರಿ ಎಲ್ಲಾರೂ ಹಾಳಾಗ್ಬೇಡ್ರಿ."

ಒಳ್ಳೆಯದು ಯಾರಿಗೆ ಎಂದು ಕೇಳಿಕೊಂಡವರಿಗೆ ಉತ್ತರ ಸಿಕ್ಕಿತು.

ಮಹಾಂತೇಶ ಕಡೆಗೆ ಹೇಳಿದ್ದಿಷ್ಟು. ಲೆಕ್ಕವೆಲ್ಲ ಮೇಲಿನ ಕಚೇರಿಗೆ ಹೋಗಿಯಾಗಿದೆ, ತನ್ನಷ್ಟಕ್ಕೆ ತಾನು ತಿದ್ದುವಂತಿಲ್ಲ. ಹದಿನೈದು ದಿನದ ಅವಕಾಶ ಇದೆ. ಹೇಳಿದವರೇ ತಮ್ಮ ಉತ್ತರ ತಿದ್ದಿ ಸಹಿ ಹಾಕಬೇಕು. ಸರಾಸರಿ ಒಂದು ಕಿಲೋಮೀಟರಿಗಿಂತ ಕೆಳಗೆ ಬಂದರೆ ಆ ಜಮೀನಿನ ಪ್ರಸ್ತಾವ ತಾನಾಗಿ ಬಿದ್ದುಹೋಗುತ್ತದೆ, ಕೇರಿ ಉಳಿಯುತ್ತದೆ. ಬರದಿದ್ದರೆ ಇಲ್ಲ.

ಮನೆಗೆ ಬಂದ ಮೇಲೆ ಸೂರಪ್ಪ ಒಂದು ಮಾತು ಆಡಿದ. ಆಡಬಾರದಿತ್ತು. "ನಾಲ್ಕು ಅನ್ನೋ ಬದ್ಲು ಎರಡು ಅಂದಿದ್ರೆ ಆಗ್ತಿತ್ತೇನೋ."

"ಎರಡು ಅಂದಿದ್ರೆ ಎರಡು ಕಿಲೋಮೀಟರ್‌ನಾಗೆ ಹೂಳ್ತಿದ್ರು. ಮಣ್ಣು ಹಾಕಕ್ಕೆ ನೀನು ನಡ್ಕೊಂಡು ಬರ್ಬೋದಿತ್ತು," ಎಂದಳು ಚಿತ್ತಮ್ಮ. ಮೂರು ದಿನ ಅವನಿಗೆ ಅನ್ನ ಬಡಿಸಿದಳು, ಮಾತು ಬಡಿಸಲಿಲ್ಲ. ಸಿಟ್ಟು ಬಂದದ್ದು ಅವನು ಹೇಳಿದ್ದಕ್ಕಲ್ಲ, ಹಾಗೆ ಕೇಳುವ ಹಕ್ಕು ಅವನಿಗೆ ಇದ್ದದ್ದಕ್ಕೆ. ನಲವತ್ತು ವರ್ಷ ಆ ಗುಂಡಿಯಲ್ಲಿ ಕಾಲು ಬಿಟ್ಟವನು ಬೇರೆ ಏನು ಮಾಡಿ ಬದುಕಬೇಕು? ವೀಣಾ ಫೋನು ಮಾಡಿ, ಅಮ್ಮಾ, ಬಂದ ಮನೆ ಬಿಡಬೇಡ, ಬಚ್ಚಲಾದರೂ ಆಗುತ್ತದೆ ಎಂದಾಗ ಅವಳು ಫೋನು ಕೆಳಗಿಟ್ಟಳು. ಆಮೇಲೆ ಮಳೆ ಬಂದಾಗ ಬಚ್ಚಲಿಗೆ ಕೊಡೆ ಹಿಡಿದು ಹೋಗುತ್ತ ಮಗಳನ್ನೂ ಬೈದಳು, ಬಚ್ಚಲನ್ನೂ ಬೈದಳು. ಮಗಳು ಹೇಳಿದ್ದು ಸುಳ್ಳಲ್ಲವಲ್ಲ. ಮನೆ ಬೇಡ ಎಂದು ಯಾರು ಹೇಳಿದರು? ಬೀದಿ ಇರುವಲ್ಲಿ ಕೊಡಿ ಎಂದು ಕೇಳೋಣವೆಂದರೆ ಅದಕ್ಕೊಂದು ಪ್ರಶ್ನೆಯೇ ಆ ಟ್ಯಾಬಿನಲ್ಲಿರಲಿಲ್ಲ.

ಉತ್ತರ ತಿದ್ದಲು ಕಚೇರಿಗೆ ಬರಬೇಕೆಂದು ಹೇಳಿಕಳಿಸಿದರು. ಚಿತ್ತಮ್ಮ ಒಪ್ಪಲಿಲ್ಲ. ತಪ್ಪು ಕೇರಿಗೇ ಬಂದು ಬರೆದುಕೊಂಡು ಹೋಗಿದೆ, ತಿದ್ದುಪಡಿಯೂ ಇಲ್ಲಿಗೇ ಬರಲಿ ಎಂದಳು. ಹದಿಮೂರನೇ ದಿನ ಬೆಳಿಗ್ಗೆ ಏಳಕ್ಕೆ ಮಹಾಂತೇಶ ಬಂದ, ಒಬ್ಬನೇ. ಬೀದಿಯಲ್ಲಿ ಆರು ಸೀರೆಯ ಹಾಸು ಚಾಚಿತ್ತು, ಮಾವಿನ ಚಿಗುರಿನ ಬಣ್ಣ.

"ಕೂತ್ಕೋಬೇಡ," ಎಂದಳು ಚಿತ್ತಮ್ಮ. "ಚಪ್ಪಲಿ ಬಿಟ್ಟು ಇತ್ಲಾಗೆ ಬಾ. ಬರೆಯೋಕ್ಕೆ ಮುಂಚೆ ನಡಿ."

ಅವನು ನಡೆದ. ಅವಳು ಎಳೆ ಬಿಡಿಸುತ್ತ ಮುಂದೆ, ಅವನು ಹಿಂದೆ. ಹತ್ತು ಸಲಕ್ಕೆ ಅವನ ಅಂಗಿ ಒದ್ದೆಯಾಯಿತು. ಸಾಕಾ ಎಂದು ಕೇಳಿದಾಗಲೆಲ್ಲ ಚಿತ್ತಮ್ಮ ತಿರುಗಿಯೂ ನೋಡಲಿಲ್ಲ. ರೇಣುಕಮ್ಮ ಮಧ್ಯದಲ್ಲಿ ಒಂದು ಲೋಟ ಮಜ್ಜಿಗೆ ಕೊಟ್ಟಳು, ಚಿತ್ತಮ್ಮ ಅವಳನ್ನೂ ಗದರಿದಳು. ಐವತ್ತೈದು ಮುಗಿದಾಗ ಅವನು ಮೊಬೈಲು ತೆಗೆದು ನೋಡಿದ. ನಾಲ್ಕು ಕಿಲೋಮೀಟರು, ಮೇಲೆ ಸ್ವಲ್ಪ.

"ಎಲ್ಲಿಗೆ ಬಂದಿ ಈಗ?"

"ಇಲ್ಲೇ ಇದ್ದೀನಿ ಅಮ್ಮಾ."

"ಹಂಗೇ ಬರ್ಕೋ."

ಮಹಾಂತೇಶ ಟ್ಯಾಬ್ ತೆಗೆದು ಏಳನೇ ನಂಬರಿನ ಮನೆ ಹುಡುಕಿದ. ಹಾಗೆ ಬರೆಯಲು ಅದರಲ್ಲಿ ಜಾಗವಿರಲಿಲ್ಲ. ದೂರದ ಮುಂದೆ ಒಂದು ಅಂಕಿ ಹಾಕಬೇಕು, ಅಷ್ಟೇ. ಅವನು ನಾಲ್ಕು ಅಳಿಸಿ ಸೊನ್ನೆ ಹಾಕಿದ. ಮತ್ತೆ ಅಳಿಸಿದ, ಮತ್ತೆ ಹಾಕಿದ.

"ಏನಾಯ್ತು?"

"ಅಮ್ಮಾ, ಸೊನ್ನೆ ಹಾಕಿದ್ರೆ ಕೆಳಗೆ ತಾನಾಗೇ ಕೆಲಸವಿಲ್ಲ ಅಂತ ಬರ್ತಿದೆ. ಕೆಲಸಕ್ಕೆ ಹೋಗೋರು ಎಷ್ಟಾದ್ರೂ ನಡೀಲೇಬೇಕು ಅಂತ ಇದನ್ನ ಮಾಡಿದ್ದಾರೆ. ನಾನು ಎಷ್ಟು ಸಲ ತೆಗೆದ್ರೂ ಮತ್ತೆ ಬರ್ತಿದೆ."

"ಅಂದ್ರೆ?"

"ಅಂದ್ರೆ, ನಿಮಗೆ ಏನೂ ಕೆಲಸ ಇಲ್ಲ ಅಂತ ನೀವೇ ಒಪ್ಪಿ ಸಹಿ ಹಾಕ್ದಂಗೆ."

ಉಗ್ರಪ್ಪ ಯಾವಾಗ ಬಂದು ನಿಂತಿದ್ದನೋ, ಈಗ ದನಿ ತೆಗೆದ. "ಹಾಕಿ, ಹಾಕಿ. ನಾಳೆ ನೇಕಾರರ ಕಾರ್ಡು ವಾಪಸ್ ಕೊಡ್ರಿ ಅಂತಾರೆ, ಆವಾಗ ಗೊತ್ತಾಗ್ತೈತೆ. ಕೆಲಸ ಇಲ್ಲ ಅಂತ ಬರ್ಕೊಟ್ಟೋರಿಗೆ ಯಾವ ಸವಲತ್ತು?"

ಹೆಂಗಸರು ಹಿಂದೆ ಸರಿದರು. ಹಾಗೆ ಆಗುತ್ತದೆಯೇ ಎಂದು ರೇಣುಕಮ್ಮ ಕೇಳಿದಳು. ಮಹಾಂತೇಶ ಸುಳ್ಳು ಹೇಳಲಿಲ್ಲ. "ಇದು ಬೇರೆ ಲೆಕ್ಕ, ಕಾರ್ಡು ಬೇರೆ ಲೆಕ್ಕ. ಆದ್ರೆ ಮುಂದೆ ಯಾರು ಯಾವುದನ್ನ ಸೇರಿಸಿ ನೋಡ್ತಾರೋ ನಂಗೆ ಗೊತ್ತಿಲ್ಲ."

ಚಿತ್ತಮ್ಮನ ಎಡಗೈಯಲ್ಲಿ ಹಾಸಿನ ಹಿಡಿ ಎಳೆಗಳಿದ್ದವು. ಬಿಟ್ಟರೆ ಸಿಕ್ಕಾಗುತ್ತವೆ, ಬಿಡುವಂತಿರಲಿಲ್ಲ. ನಲವತ್ತೆಂಟು ವರ್ಷ. ಜ್ವರದಲ್ಲಿ ನಡೆದದ್ದು, ವೀಣಾ ಹೊಟ್ಟೆಯಲ್ಲಿದ್ದಾಗ ಎಂಟನೇ ತಿಂಗಳವರೆಗೆ ನಡೆದದ್ದು, ತಾಯಿ ಸತ್ತ ಹನ್ನೊಂದನೇ ದಿನಕ್ಕೆ ಮತ್ತೆ ಬೀದಿಗಿಳಿದದ್ದು. ಮೊದಲ ಸಲ ಯಾರೋ ಅದನ್ನು ಕೇಳಿದರು, ಅವಳು ಹೆಮ್ಮೆಯಿಂದ ಹೇಳಿದಳು, ಆ ಹೆಮ್ಮೆಗೆ ಕೇರಿಯನ್ನೇ ಎತ್ತಿ ಬಂಡೆಯ ಮೇಲೆ ಇಡಲು ಹೊರಟರು. ಈಗ ಅದೆಲ್ಲ ಇಲ್ಲವೇ ಇಲ್ಲ ಎಂದರೆ ಮಾತ್ರ ಬಿಡುತ್ತಾರಂತೆ. ಬೈಯಬೇಕೆಂದರೆ ಯಾರನ್ನು ಬೈಯುವುದು? ಎದುರಿಗೆ ಬೆವರಿನಲ್ಲಿ ನೆಂದ ಹುಡುಗ ನಿಂತಿದ್ದ. ಬೈಸಿಕೊಳ್ಳಬೇಕಾದವರು ಯಾವ ಊರಿನಲ್ಲಿ ಕೂತಿದ್ದರೋ. ಅವಳ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಲೂ ಕೈ ಖಾಲಿ ಇರಲಿಲ್ಲ. ಬಲಗೈ ಗಂಜಿಯಾಗಿತ್ತು.

"ಓದು," ಎಂದಳು.

ನಿಯಮದ ಪ್ರಕಾರ ಗಟ್ಟಿಯಾಗಿ ಓದಬೇಕಿತ್ತು. ಅವನು ನೆಲ ನೋಡಿಕೊಂಡು ಓದಿದ. "ಏಳನೇ ನಂಬರಿನ ಮನೆ. ಚಿತ್ತಮ್ಮ, ಗಂಡ ಸೂರಪ್ಪ, ಐವತ್ತೆಂಟು ವರ್ಷ. ಕೆಲಸವಿಲ್ಲ. ಸರಿ ತಾನೇ ಅಮ್ಮಾ?"

ಒಳಗೆ ಸೂರಪ್ಪನ ಮಗ್ಗ ನಿಂತಿತು. ಆಚೀಚೆ ಮನೆಯ ಮಗ್ಗಗಳೂ ನಿಂತವು.

"ಸರಿ," ಎಂದಳು ಚಿತ್ತಮ್ಮ. ಬಲಗೈಯನ್ನು ಸೀರೆಗೆ ಒರೆಸಿ, ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆದಳು. ಮೂರನೇ ತರಗತಿಯಲ್ಲಿ ಕಲಿತ ಅಕ್ಷರ, ಗಂಜಿಗೆ ಜಾರಿ ಸೊಟ್ಟಗಾಯಿತು. ಆಮೇಲೆ ಹೆಂಗಸರ ಕಡೆ ತಿರುಗಿದಳು. "ನಾನು ಹೇಳಿದ್ದಕ್ಕೆ ಮೇಲೆ ಹೇಳಿದ್ರಲ್ಲ ಅವತ್ತು, ಐದು ಅಂತ, ಆರು ಅಂತ. ಬರ್ರಿ ಈಗ. ನಾನು ಹೇಳ್ದಂಗೇ ಹೇಳ್ರಿ."

ಮೊದಲು ಯಾರೂ ಕದಲಲಿಲ್ಲ. ಉಗ್ರಪ್ಪ ಏನೋ ಹೇಳಲು ಬಾಯಿ ತೆಗೆದ. ರೇಣುಕಮ್ಮ ಅವನ ಮುಂದೆ ಹಾದು ಬಂದಳು. ಎಂಟನೇ ನಂಬರು, ಕೆಲಸವಿಲ್ಲ, ಸರಿ. ಅವಳ ವಾರಗಿತ್ತಿ ಬಂದಳು. ಕೆಲಸವಿಲ್ಲ, ಸರಿ. ಒಬ್ಬೊಬ್ಬರೂ ತಾವು ಹಿಡಿದ ಎಳೆಯನ್ನು ಪಕ್ಕದವಳ ಕೈಗೆ ಕೊಟ್ಟು ಬಂದು, ಸಹಿ ಹಾಕಿ, ವಾಪಸು ಹೋಗಿ ಎಳೆ ಹಿಡಿದುಕೊಂಡರು. ಮುದುಕಿಯನ್ನು ಹೊಸ್ತಿಲಲ್ಲೇ ಕೇಳಿದಾಗ ಅವಳು ಅಳುತ್ತ, ಅಪ್ಪಾ, ಒಂದಾದರೂ ಇಟ್ಟುಕೋ ಎಂದಳು. ಮಹಾಂತೇಶ ಅವಳಿಗೊಬ್ಬಳಿಗೆ ಒಂದು ಕಿಲೋಮೀಟರು ಬಿಟ್ಟ. ಹತ್ತೊಂಬತ್ತು ಜನ ಸಹಿ ಹಾಕಿದರು. ಬೇರೆ ಊರಿಗೆ ಹೋದ ಮೂವರು ಮಾತ್ರ ಉಳಿದರು.

ಅವನು ಅಂಕ ನೋಡಿದ. ಸರಾಸರಿ ಒಂದರ ಕೆಳಗೆ ಇಳಿದಿತ್ತು. ನಕ್ಷೆಯ ಮೇಲಿನ ಕೆಂಪು ಚುಕ್ಕೆ ಕಾಣಲಿಲ್ಲ. ಉಗ್ರಪ್ಪ ಯಾರಿಗೂ ಹೇಳದೆ ಹೊರಟುಹೋಗಿದ್ದ.

"ಎಂಬತ್ತೊಂಬತ್ತು ಬಂತು ಅಮ್ಮಾ," ಎಂದ ಮಹಾಂತೇಶ, ಏನಾದರೂ ಒಳ್ಳೆಯದು ಹೇಳಬೇಕೆಂದು. "ಚಳ್ಳಕೆರೆಗಿಂತ ಎಂಟು ಜಾಸ್ತಿ. ನಿಮ್ಮ ಕೇರಿಯೇ ಮೊದಲು."

"ಆಹಾ," ಎಂದಳು ಚಿತ್ತಮ್ಮ. "ಸರ್ಕಾರಕ್ಕೆ ಹೋಗಿ ಹೇಳು, ಮೊಳಕಾಲ್ಮೂರಾಗೆ ಒಂದು ಕೇರಿ ಐತೆ, ಅಲ್ಲಿ ಒಬ್ಬಳಿಗೂ ಕೆಲಸ ಇಲ್ಲ, ಅದಕ್ಕೇ ಬಲು ಚೆನ್ನಾಗೈತೆ ಅಂತ." ಬಿಸಿಲು ಮಾಳಿಗೆಯ ಅಂಚಿಗೆ ಬಂದಿತ್ತು, ಗಂಜಿ ಒಣಗತೊಡಗಿತ್ತು. "ಈಗ ದಾರಿ ಬಿಡಪ್ಪ. ನಮಗೆ ಕೆಲಸ ಐತೆ."